ಬಿಲ್ಲಿಂಗ್ ಕೌಂಟರ್‌ನಿಂದ ಹೊತ್ತಿಗೆ ಸರಿಯಾಗಿ ಊಟಕ್ಕೆ ಎಬ್ಬಿಸುವುದು ಹೇಗೆ?

ಮಧ್ಯಾಹ್ನ ಒಂದೂ ಮುಕ್ಕಾಲು. ಕೌಂಟರ್‌ನಲ್ಲಿರುವ ಹುಡುಗಿ ಒಂದೂವರೆಗೇ ಊಟಕ್ಕೆ ಏಳಬೇಕಿತ್ತು. ಮುಂದೆ ನಾಲ್ಕು ಜನ ನಿಂತಿದ್ದಾರೆ. 'ಇವರದ್ದೊಂದು ಮುಗಿಸಿ ಹೋಗ್ತೀನಿ ಸರ್' ಅನ್ನುತ್ತಾಳೆ. ಆ ನಾಲ್ವರು ಹೋಗುವಷ್ಟರಲ್ಲಿ ಹಿಂದೆ ಇನ್ನು ಮೂವರು ಸೇರಿರುತ್ತಾರೆ. ಒಬ್ಬರು ತಂದ ಡಬ್ಬಕ್ಕೆ ಬಾರ್‌ಕೋಡ್ ಸ್ಟಿಕ್ಕರೇ ಇಲ್ಲ. ಇನ್ನೊಬ್ಬರ ಕಾರ್ಡ್ ಎರಡನೇ ಸಲ ಹಾಕಬೇಕು. ಮತ್ತೆ ಗಡಿಯಾರ ನೋಡಿದರೆ ಎರಡೂ ಮುಕ್ಕಾಲು. ಅಷ್ಟೊತ್ತಿಗೆ ಹಸಿವೇ ಸತ್ತುಹೋಗಿರುತ್ತದೆ.

ಮ್ಯಾನೇಜರ್‌ನ ಕೇಳಿದರೆ 'ಹೋಗು ಅಂತ ಹೇಳಿದ್ದೆ, ಅವಳೇ ಹೋಗಲಿಲ್ಲ' ಅನ್ನುತ್ತಾರೆ. ಹೇಳಿದ್ದು ನಿಜ ಇರಬಹುದು. ಆದರೆ ಅವಳ ಜಾಗಕ್ಕೆ ಯಾರನ್ನೂ ಕಳಿಸಿರಲಿಲ್ಲ. ಕೆಲವು ವರ್ಷ ಅಂಗಡಿಯ ಫ್ಲೋರ್ ನೋಡಿಕೊಂಡವನಾಗಿ ಹೇಳುತ್ತೇನೆ: ಬದಲಿಗೆ ಬಂದು ನಿಲ್ಲುವವರು ಇದ್ದರೆ ಊಟದ ಬಿಡುವು ತಾನಾಗಿ ಸಿಗುತ್ತದೆ. ಇಲ್ಲದಿದ್ದರೆ ಗೋಡೆ ತುಂಬ ನೋಟಿಸ್ ಅಂಟಿಸಿದರೂ ಸಿಗುವುದಿಲ್ಲ. ಕೆಳಗೆ ಬರೆದಿರುವುದೆಲ್ಲ ಆ ಬದಲಿ ಆಳನ್ನು ಹೊಂದಿಸುವ ದಾರಿ.

ಮೊದಲು ನಿಮ್ಮ ಕಾನೂನು ತಿಳಿದುಕೊಳ್ಳಿ

ದೇಶಕ್ಕೊಂದು ಲೆಕ್ಕ ಇದೆ. ಬ್ರಿಟನ್‌ನಲ್ಲಿ 1998ರ ನಿಯಮದ ಪ್ರಕಾರ ದಿನಕ್ಕೆ 6 ಗಂಟೆಗಿಂತ ಜಾಸ್ತಿ ದುಡಿಯುವವರಿಗೆ ಕನಿಷ್ಠ 20 ನಿಮಿಷ, ಮಧ್ಯೆ ಯಾರೂ ತಡೆಯದ ಬಿಡುವು ಕೊಡಬೇಕು. ಅಲ್ಲೇ 18 ವರ್ಷದೊಳಗಿನವರಾದರೆ ನಾಲ್ಕೂವರೆ ಗಂಟೆ ದಾಟಿದರೆ 30 ನಿಮಿಷ. ಜರ್ಮನಿಯಲ್ಲಿ 6 ಗಂಟೆ ದಾಟಿದರೆ 30 ನಿಮಿಷ, 9 ದಾಟಿದರೆ 45. ಜಪಾನಿನಲ್ಲಿ 6 ಗಂಟೆ ದಾಟಿದರೆ 45 ನಿಮಿಷ, 8 ದಾಟಿದರೆ ಒಂದು ಗಂಟೆ. ಅಮೆರಿಕದ ಕೇಂದ್ರ ಕಾನೂನು ವಯಸ್ಕರಿಗೆ ಊಟದ ಬಿಡುವು ಕೊಡಲೇಬೇಕು ಅನ್ನುವುದೇ ಇಲ್ಲ. ಆದರೆ ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ, 5 ಗಂಟೆಗಿಂತ ಜಾಸ್ತಿ ಕೆಲಸ ಇದ್ದರೆ 5ನೇ ಗಂಟೆ ಮುಗಿಯುವುದರೊಳಗೆ 30 ನಿಮಿಷದ ಬಿಡುವು ಶುರುವಾಗಿರಬೇಕು. ಕೊಡದಿದ್ದರೆ ಆ ದಿನಕ್ಕೆ ಒಂದು ಗಂಟೆಯ ಸಂಬಳ ಹೆಚ್ಚುವರಿಯಾಗಿ ಕೊಡಬೇಕು.

ನಿಮ್ಮ ಅಂಗಡಿಗೆ ಅನ್ವಯಿಸುವ ನಿಯಮದಲ್ಲಿ ಮೂರು ವಿಷಯ ಹುಡುಕಿ. ಎಷ್ಟು ಗಂಟೆಯೊಳಗೆ ಬಿಡುವು ಶುರುವಾಗಬೇಕು? ಎಷ್ಟು ನಿಮಿಷ? ಬಿಡುವಿನ ನಂತರದ ಅವಧಿಗೂ ಗಡಿ ಇದೆಯಾ? ಮೂರನೆಯದನ್ನು ತುಂಬ ಜನ ನೋಡುವುದೇ ಇಲ್ಲ. ಅದು ಯಾಕೆ ಬೇಕು ಅನ್ನುವುದು ಮುಂದೆ ಬರುತ್ತದೆ.

ಒಬ್ಬೊಬ್ಬರಿಗೂ ಕೊನೆ ಗಡಿ ಬರೆಯಿರಿ

'ಊಟ 1ರಿಂದ 3' ಅಂತ ಡ್ಯೂಟಿ ಚಾರ್ಟ್‌ನಲ್ಲಿ ಬರೆಯುವುದು ಸುಲಭ. ಅದರಿಂದ ಏನೂ ಉಪಯೋಗವಿಲ್ಲ. ಪ್ರತಿ ಹೆಸರಿನ ಮುಂದೆ ಎರಡು ಹೊತ್ತು ಬೇಕು: ಊಟಕ್ಕೆ ಏಳುವ ಹೊತ್ತು, ಮತ್ತು ಇದನ್ನು ದಾಟಲೇಬಾರದು ಅನ್ನುವ ಹೊತ್ತು.

ಒಂದು ಲೆಕ್ಕ ಹಾಕಿ ನೋಡೋಣ. ಆರು ಜನ ಇದ್ದಾರೆ. ಇಬ್ಬರು 9:30ಕ್ಕೆ ಬರುತ್ತಾರೆ, ಇಬ್ಬರು 10ಕ್ಕೆ, ಇಬ್ಬರು 11ಕ್ಕೆ. ನಿಯಮ 5 ಗಂಟೆ ಅಂದುಕೊಳ್ಳಿ. ಹಾಗಾದರೆ ಇವರ ಗಡಿ 2:30, 3:00 ಮತ್ತು 4:00. ಬಿಡುವು 30 ನಿಮಿಷ. ಕೌಂಟರ್ ಬಿಟ್ಟುಕೊಡಲು 5 ನಿಮಿಷ, ವಾಪಸ್ ವಹಿಸಿಕೊಳ್ಳಲು 5 ನಿಮಿಷ ಸೇರಿಸಿ. ತಲೆಗೆ 40 ನಿಮಿಷ ಆಯಿತು. ಬದಲಿಗೆ ನಿಲ್ಲಲು ಒಬ್ಬರೇ ಇದ್ದರೆ ಆರು ಜನಕ್ಕೆ 240 ನಿಮಿಷ, ಅಂದರೆ 4 ಗಂಟೆ. 12ಕ್ಕೆ ಶುರು ಮಾಡಿದರೆ 12:00, 12:40, 1:20, 2:00, 2:40, 3:20. ಎಲ್ಲರೂ ಗಡಿಯೊಳಗೇ ಏಳುತ್ತಾರೆ. ಚೆನ್ನಾಗಿದೆ ಅಲ್ವಾ?

ಚೆನ್ನಾಗಿಲ್ಲ. 12ಕ್ಕೆ ಎದ್ದವರನ್ನು ನೋಡಿ. 9:30ಕ್ಕೆ ಬಂದರು, ಬಂದ ಎರಡೂವರೆ ಗಂಟೆಯಲ್ಲೇ ಊಟ. 12:35ಕ್ಕೆ ವಾಪಸ್. ಡ್ಯೂಟಿ ಮುಗಿಯುವುದು 6:30ಕ್ಕೆ. ಸುಮಾರು ಆರು ಗಂಟೆ ಒಂದೇ ಸಮ ನಿಂತೇ ಇರಬೇಕು. ಬಿಡುವಿನ ನಂತರಕ್ಕೂ 5 ಗಂಟೆಯ ಗಡಿ ಇದ್ದರೆ ಇದು ನೇರವಾಗಿ ತಪ್ಪು. ಇಲ್ಲದಿದ್ದರೂ ಸಂಜೆ ಐದರ ಹೊತ್ತಿಗೆ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಚಿಲ್ಲರೆ ಲೆಕ್ಕ ತಪ್ಪುವುದು, ಗಿರಾಕಿ ಮೇಲೆ ರೇಗುವುದು ಎಲ್ಲ ಆ ಹೊತ್ತಿಗೇ.

ಈಗ ಇಬ್ಬರು ಬದಲಿ ಆಳು ಇಟ್ಟುಕೊಳ್ಳಿ. ಒಬ್ಬರು ಸೂಪರ್‌ವೈಸರ್. ಇನ್ನೊಬ್ಬರು ಬಿಲ್ಲಿಂಗ್ ಕಲಿತಿರುವ ಸ್ಟಾಕ್ ವಿಭಾಗದವರು. 9:30ರ ಇಬ್ಬರೂ ಒಟ್ಟಿಗೆ 1:00ಕ್ಕೆ, 10ರವರು 1:40ಕ್ಕೆ, 11ರವರು 2:20ಕ್ಕೆ. ಮೂರು ಗಂಟೆಗೆ ಎಲ್ಲ ಮುಗಿಯಿತು. 9:30ಕ್ಕೆ ಬಂದವರಿಗೂ ಊಟದ ನಂತರ ಉಳಿಯುವುದು 5 ಗಂಟೆಯೊಳಗಿನ ಕೆಲಸ.

ನಿಮ್ಮಲ್ಲಿ ಬಿಡುವು ಒಂದು ಗಂಟೆಯಾದರೆ ತಲೆಗೆ 70 ನಿಮಿಷ. ಆರು ಜನಕ್ಕೆ ಒಬ್ಬರೇ ನಿಂತರೆ 7 ಗಂಟೆ ಬೇಕು. ಅದು ಆಗುವ ಮಾತಲ್ಲ. ಎರಡನೇ ಆಳನ್ನು ಮೊದಲೇ ಹುಡುಕಿಡಿ.

ಇಲ್ಲಿ ಎಲ್ಲರೂ ಮರೆಯುವವರು ಅಂದರೆ ಬದಲಿಗೆ ನಿಂತವರೇ. ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ಒಯ್ದ ಸೂಪರ್‌ವೈಸರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನೂ ಒಯ್ದಿದ್ದೇನೆ. ಮೇಲಿನ ಲೆಕ್ಕದಲ್ಲಿ ಬದಲಿ ಆಳುಗಳ ಡ್ಯೂಟಿ 11ಕ್ಕೆ ಶುರುವಾದರೆ ಅವರ ಗಡಿ 4:00. ಒಬ್ಬರು 3:00ಕ್ಕೆ, ಇನ್ನೊಬ್ಬರು 3:30ಕ್ಕೆ ಏಳಬಹುದು. ಅವರನ್ನೂ 9:30ಕ್ಕೇ ಕರೆಸಿಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು.

ಯಾವ ಹೊತ್ತು ಒಳ್ಳೆಯದು ಅನ್ನುವುದನ್ನು ಊಹೆ ಮಾಡಬೇಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಗಂಟೆವಾರು ಬಿಲ್ ಎಷ್ಟಾಗಿದೆ ಅನ್ನುವ ರಿಪೋರ್ಟ್ ಸಿಗುತ್ತದೆ. ಎರಡು ವಾರದ್ದು ತೆಗೆದು ನೋಡಿ. ರಜಾ ದಿನದ್ದನ್ನು ಬೇರೆ ಇಡಿ. ಮಾಲಿನ ಲಾರಿ ಬರುವ ಹೊತ್ತೂ ಮುಖ್ಯ. ಲಾರಿ ಒಂದು ಗಂಟೆಗೆ ಬಂದರೆ ಸ್ಟಾಕ್ ವಿಭಾಗದವರು ಕೌಂಟರ್‌ಗೆ ಬರುವುದಿಲ್ಲ. ಸಾಧ್ಯವಾದರೆ ಲಾರಿಯನ್ನು ಬೆಳಿಗ್ಗೆಗೆ ಹಾಕಿಸಿ.

ಕೌಂಟರ್ ಬಿಟ್ಟುಕೊಡುವ ಆ ಐದು ನಿಮಿಷ

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಏಳಬೇಕಾದ ಹೊತ್ತಿಗೆ ಐದು ನಿಮಿಷ ಮೊದಲು ಬದಲಿ ಆಳು ಕೌಂಟರ್ ಪಕ್ಕ ಬಂದು ನಿಲ್ಲಬೇಕು. ವಾಕಿಟಾಕಿಯಲ್ಲಿ 'ಊಟಕ್ಕೆ ಹೋಗಿ' ಅಂದರೆ ಸಾಲದು. ಮೈಕೈ ಸಮೇತ ಬಂದು ನಿಲ್ಲಬೇಕು. ಸಾಲಿನ ಕೊನೆಯಲ್ಲಿರುವ ಗಿರಾಕಿಯ ಹಿಂದೆ 'ಪಕ್ಕದ ಕೌಂಟರ್‌ಗೆ ಬನ್ನಿ' ಅನ್ನುವ ಬೋರ್ಡ್ ಇಡಬೇಕು. ಅಲ್ಲಿಗೆ ಆ ಸಾಲಿಗೆ ಒಂದು ಕೊನೆ ಸಿಕ್ಕಿತು. 'ಇವರದ್ದೊಂದು ಮುಗಿಸಿ' ಅನ್ನುವ ಮಾತಿಗೂ ಅರ್ಥ ಬಂತು.

ಆಮೇಲೆ ಕ್ಯಾಶ್ ಡ್ರಾಯರ್. ಒಬ್ಬರ ಡ್ರಾಯರ್‌ನಲ್ಲಿ ಇನ್ನೊಬ್ಬರು ಬಿಲ್ ಹಾಕಿದರೆ ರಾತ್ರಿ ಹಣ ಕಡಿಮೆ ಬಂದಾಗ ಯಾರನ್ನು ಕೇಳುವುದು? ಈ ಭಯಕ್ಕೇ ಎಷ್ಟೋ ಕ್ಯಾಷಿಯರ್‌ಗಳು ಕೌಂಟರ್ ಬಿಟ್ಟು ಏಳುವುದಿಲ್ಲ. ಬಾಯಿಬಿಟ್ಟು ಹೇಳುವುದೂ ಇಲ್ಲ. ನಾನು ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ಊಟಕ್ಕೆ ತಡವಾಗಿ ಹೋಗುವ ಒಬ್ಬರಿಗೆ ತಿಂಗಳುಗಟ್ಟಲೆ ಬುದ್ಧಿ ಹೇಳಿದೆವು. ಕೊನೆಗೆ ಗೊತ್ತಾಯಿತು, ಹಿಂದೊಮ್ಮೆ ಅವರು ಊಟಕ್ಕೆ ಹೋಗಿದ್ದಾಗ ಡ್ರಾಯರ್‌ನಲ್ಲಿ ಕಡಿಮೆ ಬಿದ್ದ ಹಣವನ್ನು ಅವರ ಸಂಬಳದಿಂದಲೇ ಹಿಡಿದಿದ್ದರು. ಬುದ್ಧಿ ಬೇಕಿದ್ದದ್ದು ನಮಗೆ.

ಬದಲಿ ಆಳಿಗೆ ಅವರದ್ದೇ ಡ್ರಾಯರ್, ಅವರದ್ದೇ ಲಾಗಿನ್ ಕೊಡಿ. ಬೆಳಿಗ್ಗೆಯೇ ಎಣಿಸಿ, ಚಿಲ್ಲರೆ ಹಾಕಿ ರೆಡಿ ಇಡಿ. ಕ್ಯಾಷಿಯರ್ ತನ್ನ ಡ್ರಾಯರ್‌ಗೆ ಬೀಗ ಹಾಕಿ, ಲಾಗೌಟ್ ಆಗಿ ಹೊರಡುತ್ತಾರೆ. ಬಂದ ಮೇಲೆ ಅದೇ ಡ್ರಾಯರ್ ಹಾಕಿಕೊಳ್ಳುತ್ತಾರೆ. ನೋಟು ಎಣಿಸುವ ಗೋಜಿಲ್ಲ.

ಟ್ರಯಲ್ ರೂಮ್, ಗೋದಾಮು, ಬಾಗಿಲ ಬಳಿಯ ಕೆಲಸಕ್ಕೆ ಇಷ್ಟೆಲ್ಲ ರಗಳೆ ಇಲ್ಲ. ಬೀಗದ ಕೈ ಯಾರ ಹತ್ತಿರ ಅನ್ನುವುದೊಂದು ಗೊತ್ತಿದ್ದರೆ ಸಾಕು.

ಬಿಡುವು ಅಂದರೆ ಪೂರ್ತಿ ಬಿಡುವು

ತುತ್ತು ಬಾಯಿಗಿಡುವಾಗ 'ಆ ಸೈಜ್ ಎಲ್ಲಿಟ್ಟಿದ್ದೀರಾ?' ಅಂತ ಫೋನ್ ಬಂದರೆ ಅದು ಬಿಡುವಲ್ಲ. ಇದು ನನ್ನ ಒಬ್ಬನ ಅಭಿಪ್ರಾಯವೂ ಅಲ್ಲ. ಅಂಗಡಿ ಮತ್ತು ಕಚೇರಿ ಕೆಲಸದ ಅವಧಿ ಬಗ್ಗೆ 1930ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಒಪ್ಪಂದ ಮಾಡಿತು. ನೌಕರರು ಮಾಲೀಕರ ಕೈಗೆ ಸಿಗುವಂತೆ ಇರುವ ಹೊತ್ತೆಲ್ಲ ಕೆಲಸದ ಹೊತ್ತೇ ಅನ್ನುತ್ತದೆ ಅದು. ಊಟಕ್ಕೆ ಕೂತವರ ಸೊಂಟದಲ್ಲಿ ವಾಕಿಟಾಕಿ ಗರಗರ ಅನ್ನುತ್ತಿದ್ದರೆ ಅವರು ಕೈಗೆ ಸಿಗುವಂತೆಯೇ ಇದ್ದಾರೆ. ಅದನ್ನು, ಬೀಗದ ಕೈಯನ್ನು, ಅಂಗಡಿಯ ಫೋನನ್ನು ಬದಲಿ ಆಳಿಗೆ ಕೊಟ್ಟು ಹೋಗುವ ಪದ್ಧತಿ ಮಾಡಿ.

ಕೂರುವ ಜಾಗವೂ ಮುಖ್ಯ. ಊಟದ ಕೋಣೆ ಮೂರನೇ ಮಹಡಿಯಲ್ಲಿದ್ದು, ಅಲ್ಲಿ ಊಟ ಬಿಸಿ ಮಾಡಲು ಮೈಕ್ರೋವೇವ್ ಒಂದೇ ಇದ್ದರೆ 30ರಲ್ಲಿ 10 ನಿಮಿಷ ಮೆಟ್ಟಿಲಿಗೂ ಸಾಲಿಗೂ ಹೋಯಿತು. ಒಮ್ಮೆ ನೀವೇ ಕೌಂಟರ್‌ನಿಂದ ಅಲ್ಲಿಗೆ ನಡೆದು ಹೊತ್ತು ನೋಡಿಕೊಳ್ಳಿ.

ಪಂಚ್ ಇದ್ದದ್ದು ಇದ್ದ ಹಾಗೆ ಇರಲಿ

ಊಟಕ್ಕೆ ಏಳುವಾಗ ಹಾಜರಿ ಯಂತ್ರದಲ್ಲಿ ಒಂದು ಪಂಚ್, ಬಂದಾಗ ಒಂದು. ನಿಮಿಷ ಹೇಗಿದೆಯೋ ಹಾಗೆ. ಕೆಲವು ಸಾಫ್ಟ್‌ವೇರ್‌ಗಳು ಹೊತ್ತನ್ನು ಹತ್ತಿರದ ಹತ್ತು ನಿಮಿಷಕ್ಕೆ ತಾವೇ ಹೊಂದಿಸಿಬಿಡುತ್ತವೆ. 2021ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ಒಂದು ಲೆಕ್ಕ ತೋರಿಸಿತು. 11:02ಕ್ಕೆ ಹೋಗಿ 11:25ಕ್ಕೆ ಬಂದರೆ ಯಂತ್ರ 11:00 ಮತ್ತು 11:30 ಅಂತ ಬರೆದುಕೊಳ್ಳುತ್ತದೆ. 23 ನಿಮಿಷದ ಊಟ ಕಾಗದದಲ್ಲಿ 30 ಆಯಿತು. ಊಟದ ಬಿಡುವಿಗೆ ಈ ಥರ ಹೊಂದಿಸುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು.

ಇನ್ನೊಂದು ಕೆಟ್ಟ ಪದ್ಧತಿ, ಪಂಚ್ ಮಾಡಲಿ ಬಿಡಲಿ ದಿನಾ ಅರ್ಧ ಗಂಟೆ ಸಂಬಳದಿಂದ ಕಳೆಯುವುದು. ಊಟಕ್ಕೆ ಎದ್ದೇ ಇಲ್ಲದ ದಿನವೂ ಕಳೆಯುತ್ತದೆ. ಅದನ್ನು ನಿಲ್ಲಿಸಿ. ಪಂಚ್ ಮರೆತವರ ಹತ್ತಿರ ಅದೇ ದಿನ ಕೇಳಿ, ಅವರ ಸಹಿ ಹಾಕಿಸಿ ತಿದ್ದಿ. ತಿಂಗಳ ಕೊನೆಯಲ್ಲಿ ಕೂತು 'ಸುಮ್ನೆ 1:30 ಅಂತ ಹಾಕಿಬಿಡು' ಅನ್ನುವುದು ಬೇಡ.

ಇಬ್ಬರು ರಜೆ ಹಾಕಿದ ದಿನ

ಪ್ಲಾನ್ ಎಲ್ಲ ಚೆನ್ನಾಗಿರುವುದು ಎಲ್ಲರೂ ಬಂದ ದಿನ. ಇಬ್ಬರು ಬರಲಿಲ್ಲ ಅಂದರೆ ಬೆಳಿಗ್ಗೆ ಹತ್ತಕ್ಕೇ ಚಾರ್ಟ್ ಮತ್ತೆ ಬರೆಯಿರಿ. ಒಂದು ಗಂಟೆ ಆಗಲಿ ನೋಡೋಣ ಅಂದರೆ ಆಗಲೇ ತಡ. ಯಾರ ಗಡಿ ಹತ್ತಿರ ಇದೆಯೋ ಅವರು ಮೊದಲು. ಹಳಬರು, ಹೊಸಬರು, ಮ್ಯಾನೇಜರ್‌ಗೆ ಬೇಕಾದವರು ಅನ್ನುವ ಲೆಕ್ಕ ಬೇಡ. ಜನ ಸಾಲದಿದ್ದರೆ ಒಂದು ಕೌಂಟರ್ ಮುಚ್ಚಿ. ಸಾಲು ಉದ್ದ ಆಗುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ. ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದು ಬಿಲ್ ಹಾಕಿದರೆ ಗೊಣಗಾಟ ಅರ್ಧ ಕಡಿಮೆಯಾಗುತ್ತದೆ, ಇದು ನಾನು ಕಂಡದ್ದು.

ಒಬ್ಬರೇ ನೋಡಿಕೊಳ್ಳುವ ಸಣ್ಣ ಅಂಗಡಿಯಲ್ಲಿ ಬದಲಿ ಆಳು ಎಲ್ಲಿಂದ ಬರಬೇಕು? ಇರುವುದು ಎರಡೇ ದಾರಿ. ಆ ಅರ್ಧ ಗಂಟೆಗೆ ಮಾಲೀಕರೇ ಬಂದು ನಿಲ್ಲುವುದು, ಇಲ್ಲವೇ ಹೊತ್ತು ಬರೆದ ಬೋರ್ಡ್ ಹಾಕಿ ಬಾಗಿಲು ಹಾಕುವುದು.

ಕಳಿಸಿದರೂ ಹೋಗದವರು

ಕೆಲವರು ತಾವಾಗಿಯೇ ಏಳುವುದಿಲ್ಲ. ಕಮಿಷನ್ ಇರುವ ಕಡೆ ಇದು ಜಾಸ್ತಿ. ಅರ್ಧ ಗಂಟೆ ಹೋದರೆ ಕೈಗೆ ಬಂದ ಗಿರಾಕಿ ಇನ್ನೊಬ್ಬರ ಪಾಲಾಗುತ್ತಾರೆ ಅನ್ನುವ ಚಿಂತೆ. ಶುರು ಮಾಡಿದ ಮಾರಾಟವನ್ನು ಬದಲಿ ಆಳು ಮುಗಿಸಿದರೂ ಶುರು ಮಾಡಿದವರ ಹೆಸರಿಗೇ ಬರೆಯಿರಿ. ಕೆಲವರಿಗೆ ಊಟ ಬಿಟ್ಟು ಅರ್ಧ ಗಂಟೆ ಬೇಗ ಮನೆಗೆ ಹೋಗುವ ಆಸೆ. ಅವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಒಪ್ಪಬೇಡಿ. ಒಬ್ಬರಿಗೆ ಒಪ್ಪಿದರೆ ಮುಂದಿನ ವಾರ ನಾಲ್ಕು ಜನ ಕೇಳುತ್ತಾರೆ. ಹೊಸಬರು ಮಾತ್ರ ಭಯಕ್ಕೆ ಏಳುವುದಿಲ್ಲ. ಸೋಮಾರಿ ಅಂದುಕೊಳ್ಳುತ್ತಾರೇನೋ ಅಂತ. ಅವರಿಗೆ ಮೊದಲ ವಾರ ಪಕ್ಕದಲ್ಲಿ ನಿಂತು 'ನೀವು ಹೊರಡಿ, ನಾನು ನಿಂತ್ಕೋತೀನಿ' ಅಂತ ದಿನಾ ಹೇಳಬೇಕು.

ವಾರಕ್ಕೊಮ್ಮೆ ಹತ್ತು ನಿಮಿಷ

ವಾರದ ಕೊನೆಗೆ ಪಂಚ್ ರಿಪೋರ್ಟ್ ಹಾಕಿಸಿ. ಗಡಿ ದಾಟಿದ ಬಿಡುವುಗಳಿಗೆ ಗೆರೆ ಎಳೆಯಿರಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅವರನ್ನು ಕರೆದು ಯಾಕೆ ಅಂತ ಕೇಳಿ, ಬೈಯಬೇಡಿ. ಬೈದರೆ ಮುಂದಿನ ವಾರದಿಂದ ಪಂಚ್ ಮಾಡಿ ಬಂದು ಮತ್ತೆ ಕೌಂಟರ್‌ನಲ್ಲೇ ನಿಂತಿರುತ್ತಾರೆ. ರಿಪೋರ್ಟ್ ಚೊಕ್ಕವಾಗಿರುತ್ತದೆ, ಊಟ ಮಾತ್ರ ಆಗಿರುವುದಿಲ್ಲ. ಒಂದೇ ದಿನ ಹಲವು ಹೆಸರು ಬಂದರೆ ಅವತ್ತು ಬದಲಿಗೆ ಯಾರು ನಿಲ್ಲಬೇಕಿತ್ತು, ಆ ಹೊತ್ತಿಗೆ ಅವರು ಎಲ್ಲಿದ್ದರು ಅಂತ ನೋಡಿ. ಬಹುಪಾಲು ಸಲ ಅವರನ್ನು ಬೇರೆ ಕೆಲಸಕ್ಕೆ ಕಳಿಸಿದವರು ನೀವೇ ಆಗಿರುತ್ತೀರಿ.