ಕಾರ್ಯದರ್ಶಿ ನಿವೃತ್ತರಾದ ಮೇಲೂ ಡೈರಿ ನೆಟ್ಟಗೆ ನಡೆಯಬೇಕಾದರೆ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಆಡಳಿತ ಮಂಡಳಿ 5 ವರ್ಷಕ್ಕೊಮ್ಮೆ ಬದಲಾಗುತ್ತದೆ. ಕಾರ್ಯದರ್ಶಿ ಮಾತ್ರ ಎಷ್ಟೋ ಕಡೆ 25–30 ವರ್ಷ ಅದೇ ಕುರ್ಚಿಯಲ್ಲಿರುತ್ತಾರೆ. ಯಾವ ಬಾಕಿ ಯಾರದ್ದು, ಆಡಿಟ್‌ನವರು ಏನು ಕೇಳಿದ್ದರು, ಎಲ್ಲವೂ ಅವರೊಬ್ಬರ ತಲೆಯಲ್ಲೇ. ಹಾಗಾಗಿ ಅವರು ಕೆಲಸ ಬಿಟ್ಟ ಮೇಲೆ ಬರುವ ಮೊದಲ ಬಟವಾಡೆಗೇ, ಅಂದರೆ ರೈತರಿಗೆ ಹಾಲಿನ ಹಣ ಹಂಚುವಾಗಲೇ, ಗೊಂದಲ ಶುರು. ಇದನ್ನು ತಪ್ಪಿಸುವ ಕೆಲಸಕ್ಕೆ ನೀವು ಕಾರ್ಯದರ್ಶಿಯಾಗಿ ಸೇರಿದ ವರ್ಷವೇ ಕೈ ಹಾಕಬೇಕು.

ಮೊದಲ ಐದಾರು ವರ್ಷ ಕಟ್ಟಬೇಕಾದದ್ದು ನಂಬಿಕೆ. ಅದು ಹುಟ್ಟುವುದು, ಕೆಡುವುದು ಎರಡೂ ಹಾಲು ಪರೀಕ್ಷೆಯ ಮೇಜಿನ ಮೇಲೆ. ಹಾಲಿಗೆ ಬೆಲೆ ಕಟ್ಟಲು ಅಳೆಯುವ ಕೊಬ್ಬು (ಫ್ಯಾಟ್) ಮೇಲಕ್ಕೆ ತೇಲುತ್ತದೆ. ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಫ್ಯಾಟ್ ಹೆಚ್ಚು ಬರುತ್ತದೆ, ತಳದಿಂದ ತೆಗೆದರೆ ಕಡಿಮೆ. ಆದ್ದರಿಂದ ಪ್ರತಿಯೊಬ್ಬರ ಹಾಲನ್ನೂ ಅವರ ಕಣ್ಣೆದುರೇ ಕಲಕಿ, ಮಾದರಿ ತೆಗೆದು, ಅಂಕಿಯನ್ನು ಚೀಟಿಯಲ್ಲಿ ಕೊಡಿ. ಅಧ್ಯಕ್ಷರ ಮನೆಯ ಹಾಲಿಗೂ ಇದೇ ಕ್ರಮ. ಒಬ್ಬರಿಗೆ ಒಂದು ಸಲ ಸಡಿಲ ಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ಮುಂದಿನ ಕಾರ್ಯದರ್ಶಿಗೆ ಆ ಬಾಗಿಲು ಮುಚ್ಚಲು ಆಗುವುದಿಲ್ಲ.

ಆಮೇಲೆ ಪ್ರತಿ ಕೆಲಸಕ್ಕೂ ಎರಡನೇ ಕೈ ತಯಾರು ಮಾಡಿ. ಅಳತೆ, ಪರೀಕ್ಷೆ, ನಗದು ಪುಸ್ತಕ, ಪಶು ಆಹಾರದ ದಾಸ್ತಾನು: ಒಂದೊಂದಕ್ಕೂ ಬಲ್ಲವರು ಇಬ್ಬರಿರಲಿ. ಹಸು ಸಾಕುವ ಕೆಲಸದ ಬಹುಪಾಲು ಹೊರುವ ಹೆಣ್ಣುಮಕ್ಕಳನ್ನು ಇಲ್ಲಿ ಮರೆಯಬೇಡಿ. ಬೇರೆಯವರ ಕೈಗೆ ಕೆಲಸ ಕೊಡುವುದು ಹೊಸತಲ್ಲ. ಅಮುಲ್ ಎಂದು ಹೆಸರಾದ ಗುಜರಾತಿನ ಖೇಡಾ ಹಾಲು ಒಕ್ಕೂಟ ಶುರುವಾದದ್ದು 1946ರಲ್ಲಿ. 1949ರಲ್ಲಿ ಆನಂದ್‌ಗೆ ಬಂದ ಯುವ ಎಂಜಿನಿಯರ್ ವರ್ಗೀಸ್ ಕುರಿಯನ್ ಅವರ ಕೈಗೆ ಒಕ್ಕೂಟದ ಅಧ್ಯಕ್ಷ ತ್ರಿಭುವನದಾಸ್ ಪಟೇಲರು ಆಡಳಿತದ ಹೊಣೆ ಒಪ್ಪಿಸಿದರು. ಮುಂದಾಳುಗಳನ್ನು ತಯಾರು ಮಾಡಲೆಂದು ಕುರಿಯನ್ 1979ರಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆಯನ್ನೇ ಕಟ್ಟಿದರು. ನಮ್ಮ ಡೈರಿಯಲ್ಲಿ ಅಷ್ಟು ದೊಡ್ಡದು ಬೇಡ, ಕಲಿಸುವ ಮನಸ್ಸು ಸಾಕು.

ಕಲಿಸಿದ್ದು ನಿಂತಿದೆಯೇ ಎಂದು ತಿಳಿಯಲು ವರ್ಷಕ್ಕೊಮ್ಮೆ 7 ದಿನ ರಜೆ ಹಾಕಿ. ಬಟವಾಡೆ ಇರುವ ವಾರವೇ ಆಗಲಿ, ಫೋನ್ ಎತ್ತಬೇಡಿ. ಬಂದ ಮೇಲೆ ಎಲ್ಲಿ ಕೆಲಸ ನಿಂತಿತ್ತೋ ಅದನ್ನು ಬರೆದಿಡಿ. ಮುಂದಿನ ವರ್ಷದ ತರಬೇತಿ ಅದೇ. ಬೈಯಲು ಹೋದರೆ ಮತ್ತೆ ಯಾರೂ ಸ್ವಂತ ನಿರ್ಧಾರ ಮಾಡುವುದಿಲ್ಲ.

ನಿವೃತ್ತಿಗೆ 3 ವರ್ಷ ಇರುವಾಗ ಮಂಡಳಿಯ ಸಭೆಯಲ್ಲಿ ವಿಷಯ ಎತ್ತಿ. ಮುಂದಿನವರನ್ನು ಆರಿಸುವುದು ಮಂಡಳಿಯ ಕೆಲಸ. ನಿಮ್ಮ ಮಗನನ್ನೋ ಅಳಿಯನನ್ನೋ ಮುಂದೆ ಬಿಟ್ಟರೆ ಅಷ್ಟು ವರ್ಷ ಗಳಿಸಿದ್ದೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ. ಮಂಡಳಿಯಿಂದ ಆಯ್ಕೆಯಾದವರು ಮೊದಲ ವರ್ಷ ನೋಡಲಿ, ಎರಡನೇ ವರ್ಷ ಅವರು ಮಾಡಲಿ ನೀವು ನೋಡಿ, ಮೂರನೇ ವರ್ಷ ಮಹಾಸಭೆಯಲ್ಲಿ ಲೆಕ್ಕಪತ್ರ ಅವರೇ ಓದಲಿ, ಪ್ರಶ್ನೆಗಳಿಗೂ ಅವರೇ ಉತ್ತರಿಸಲಿ.

ಕೊನೆಯ 90 ದಿನ ಕಾಗದಪತ್ರಕ್ಕೆ. ಷೇರು ರಿಜಿಸ್ಟರ್, ಸಭಾ ನಡಾವಳಿ, ಸದಸ್ಯರ ಬಾಕಿ, ಆಡಿಟ್ ಆಕ್ಷೇಪ ಮತ್ತು ಉತ್ತರ, ಕಟ್ಟಡದ ದಾಖಲೆ, ಕಂಪ್ಯೂಟರಿನ ಪಾಸ್‌ವರ್ಡ್, ಒಂದೊಂದನ್ನೂ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ, ಪ್ರತಿಯನ್ನು ಮಂಡಳಿಗೆ ಕೊಡಿ. ಬ್ಯಾಂಕಿನ ಸಹಿ ಬದಲಾವಣೆಗೆ ಮಂಡಳಿಯ ಠರಾವು ಬೇಕು. ಅದು ತಡವಾದರೆ ರೈತರ ದುಡ್ಡು ನಿಲ್ಲುತ್ತದೆ, ಅದನ್ನೇ ಮೊದಲು ಮುಗಿಸಿ.

ನಿವೃತ್ತಿಯ ಮರುದಿನದಿಂದ ಆಫೀಸಿನ ಒಳಗೆ ಕುರ್ಚಿ ಎಳೆದುಕೊಂಡು ಕೂರಬೇಡಿ. ಮನೆಯಲ್ಲಿ ಹಸುವಿದ್ದರೆ ಎಲ್ಲರಂತೆ ಸಾಲಿನಲ್ಲಿ ನಿಂತು ಹಾಲು ಹಾಕಿ, ಚೀಟಿ ತೆಗೆದುಕೊಂಡು ಹೊರಡಿ.