ಪಾರ್ ಫೈವ್ ಉದ್ದ ಕಡಿಮೆ ಮಾಡಿದ ಮೇಲೆ ಸರಿಹೋಯಿತು: ನನ್ನ ಅನುಭವ

ನಮ್ಮ ಗಾಲ್ಫ್ ಕೋರ್ಸ್‌ನ ಆರನೇ ಹೋಲ್ ಪಾರ್ ಫೈವ್, ಅಂದರೆ ಐದು ಹೊಡೆತದಲ್ಲಿ ಮುಗಿಸಬೇಕಾದದ್ದು. ಅದರ ಉದ್ದ ಈಗ 474 ಯಾರ್ಡ್. ಮೊದಲು 498 ಇತ್ತು. ಕಡಿಮೆ ಮಾಡಿದ್ದಕ್ಕೆ ಕೇಳಿದ ಮಾತು ಒಂದೆರಡಲ್ಲ. "ಪಾರ್ ಫೈವ್ ಅಂದ್ರೆ ಉದ್ದ ಇರಬೇಕು ಕಣ್ರೀ, ನೀವು ಕತ್ತರಿ ಹಾಕ್ತಾ ಇದ್ದೀರಲ್ಲ" ಅಂತ ಕಮಿಟಿ ಮೀಟಿಂಗ್‌ನಲ್ಲೇ ಕೇಳಿದರು. ಹೊಸ ಗ್ರೀನ್ (ಕೊನೆಗೆ ಚೆಂಡನ್ನು ಕುಳಿಗೆ ಹಾಕುವ ನುಣುಪು ಹುಲ್ಲಿನ ಜಾಗ) ಈಗ ಎರಡು ಮಳೆಗಾಲ ಕಂಡಿದೆ. ಅದೇ ಸದಸ್ಯರು ಬೆಂಗಳೂರಿನಿಂದ ನೆಂಟರು ಬಂದರೆ ಮೊದಲು ಕರೆದುಕೊಂಡು ಹೋಗಿ ತೋರಿಸೋದು ಆರನೇ ಹೋಲನ್ನೇ. ಹಾಗಾಗಿ ಬರೆಯುವ ಧೈರ್ಯ ಬಂತು.

ನಮ್ಮದು ಮಲೆನಾಡಿನ ಸಣ್ಣ ಕ್ಲಬ್. ಒಂಬತ್ತು ಹೋಲ್, ಎರಡು ಸುತ್ತು ಆಡಿದರೆ ಹದಿನೆಂಟು. ಸುತ್ತ ಕಾಫಿ ತೋಟ. ಬೆಂಗಳೂರಿನ ಕೋರ್ಸ್‌ಗಳಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಇಲ್ಲಿಗೆ ಬಂದೆ. ಬಂದಾಗ ಆರನೇ ಹೋಲ್ ಹೀಗಿತ್ತು: ಟೀ (ಮೊದಲ ಹೊಡೆತ ಹೊಡೆಯುವ ಜಾಗ) ದಿಬ್ಬದ ಮೇಲೆ, ಫೇರ್‌ವೇ (ಅಲ್ಲಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ನೇರ, ಬಲಕ್ಕೆ ಇಳಿಜಾರು, ಬಲಬದಿಯಲ್ಲಿ ಲಂಟಾನ ಪೊದೆ, ಅದರಾಚೆ ಕಣ್ಣಿಗೇ ಬೀಳದ ಒಂದು ಹಳ್ಳ. ಗ್ರೀನ್ ಎಡಗಡೆ, ಹಳ್ಳದ ಈಚೆ. ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಹೊಡಿ, ಮುಂದಕ್ಕೆ ಏನಾದರೂ ಹೊಡಿ, ವೆಡ್ಜ್ (ಹತ್ತಿರದಿಂದ ಎತ್ತಿ ಹೊಡೆಯುವ ಕೋಲು) ಹೊಡಿ. ಅಷ್ಟೇ.

ತಪ್ಪು ಎಲ್ಲಿದೆ ಅಂತ ನನಗೆ ಮೊದಲು ಹೇಳಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಹಿರಿಯ ಕ್ಯಾಡಿ, ಆಟಗಾರರ ಕ್ಲಬ್ (ಹೊಡೆಯುವ ಕೋಲು) ಹೊರುವವನು. "ಸಾರ್, ಬೇರೆ ಎಲ್ಲಾ ಹೋಲ್‌ನಲ್ಲೂ ಯಾವ ಕ್ಲಬ್ ಕೊಡ್ಲಿ ಅಂತ ನನ್ನ ಕೇಳ್ತಾರೆ. ಆರನೇದರ ಎರಡನೇ ಶಾಟ್‌ಗೆ ಮಾತ್ರ ಯಾರೂ ಕೇಳಲ್ಲ. ಬ್ಯಾಗ್ ಹತ್ರ ಬರ್ತಾರೆ, ತಾವೇ ಎಳ್ಕೊಂಡು ಹೋಗ್ತಾರೆ." ಅಂದರೆ ಆ ಎರಡನೇ ಹೊಡೆತಕ್ಕೆ ಯಾರೂ ಯೋಚನೆಯೇ ಮಾಡ್ತಿರಲಿಲ್ಲ. ಆ ಮಾತನ್ನು ನಾನು ಅವತ್ತೇ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ನಾಲ್ಕು ವರ್ಷ, ಆರೇಳು ಲಕ್ಷ ಉಳಿಯುತ್ತಿತ್ತು. ಹಿಡಿದುಕೊಳ್ಳಲಿಲ್ಲ.

2019ರಲ್ಲಿ ಬಂಕರ್ (ಚೆಂಡು ಸಿಕ್ಕಿಕೊಳ್ಳುವ ಮರಳಿನ ಗುಂಡಿ) ಹಾಕಿದೆ. ಟೀಯಿಂದ 210ರ ಹತ್ತಿರ ಎಡಕ್ಕೊಂದು, ಬಲಕ್ಕೆರಡು. ಮರಳು, ಜೆಸಿಬಿ, ಪೈಪು, ಜಲ್ಲಿ, ಕೂಲಿ ಎಲ್ಲಾ ಸೇರಿ ನಾಲ್ಕು ಲಕ್ಷದ ಮೇಲೆ ಹೋಯಿತು. ಜೋರಾಗಿ ಹೊಡೆಯುವ ಹುಡುಗರು ಅದರ ತಲೆ ಮೇಲೆ ಹಾರಿಸಿದರು. ಸಿಕ್ಕಿಬಿದ್ದವರು ಅರವತ್ತು ದಾಟಿದ ಹಿರಿಯರು, 180 ಹೊಡೆದು ಬಲಕ್ಕೆ ಉರುಳಿ. ಯಾರಿಗೆ ಪ್ರಶ್ನೆ ಕೇಳಬೇಕಿತ್ತೋ ಅವರನ್ನು ಬಿಟ್ಟು ಬೇರೆಯವರನ್ನು ಹೊಡೆದ ಹಾಗಾಯಿತು. ಜೂನ್ ಬಂತು. ಮೇಲಿನ ದಿಬ್ಬದ ನೀರೆಲ್ಲ ಬಲಗಡೆಯ ಬಂಕರ್‌ಗಳಿಗೇ ಇಳಿಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಿಳಿ ಮರಳಿನ ಮೇಲೆ ಎರಡು ಬೆರಳು ದಪ್ಪ ಕೆಂಪು ಕೆಸರು, ಮುಂಭಾಗದ ಗೋಡೆ ಕುಸಿದು ಒಳಗೆ ಮಲಗಿದೆ. ಮರಳು ತೆಗೆದು ತೊಳೆಸಿದೆ. ಮತ್ತೆ ಅದೇ ಆಯಿತು. ಮೂರನೇ ಸಲ ಎರಡನ್ನು ಮುಚ್ಚಿಸಿ ಹುಲ್ಲು ಹಾಕಿಸಿದೆ.

2021ರಲ್ಲಿ ಟೀ ಹಿಂದಕ್ಕೆ ಹಾಕಿದೆ, 36 ಯಾರ್ಡ್. ಬರೆ ಕಡಿದು ಸಮ ಮಾಡಿ, ಕಲ್ಲಿನ ಮೆಟ್ಟಿಲು ಕಟ್ಟಿಸಿ, ಎರಡೂವರೆ ಲಕ್ಷ. ನಾಲ್ಕೈದು ಜನ ಹತ್ತಿ ಹೋಗಿ ಆಡಿದರು. ಅವರೂ ಡ್ರೈವರ್, ವುಡ್ (ಡ್ರೈವರ್‌ಗಿಂತ ಸ್ವಲ್ಪ ಸಣ್ಣ ಕೋಲು), ವೆಡ್ಜ್ ಅಂತಲೇ ಆಡಿದರು. ಯೋಚನೆ ಮಾಡೋಕೆ ಇನ್ನೂ ಕಡಿಮೆ ಆಯಿತು, ಯಾಕೆಂದರೆ ಎರಡರಲ್ಲಿ ಗ್ರೀನ್ ಮುಟ್ಟುವ ಆಸೆಯೇ ಹೋಯಿತು. ಉದ್ದ ಒಂದೇ ಸಾಕು ಅನ್ನುವವರು ಇದನ್ನು ಒಂದು ವರ್ಷ ನೋಡಬೇಕು. ಆ ಟೀ ಈಗ ನನ್ನ ಹುಲ್ಲಿನ ನರ್ಸರಿ. ನೆಲ ಸಮ ಇದೆ, ಬಿಸಿಲು ಚೆನ್ನಾಗಿ ಬೀಳುತ್ತೆ, ಟಿಫ್‌ಡ್ವಾರ್ಫ್ ಅನ್ನುವ ಗ್ರೀನ್ ಹುಲ್ಲು ಸೊಗಸಾಗಿ ಬರುತ್ತೆ.

ಆಮೇಲೆ ಕೊಳದ ಯೋಚನೆ. ಗ್ರೀನ್ ಮುಂದೆ ನೀರು ನಿಲ್ಲಿಸಿದರೆ ಅಮೆರಿಕದ ಆಗಸ್ಟಾ ಕೋರ್ಸ್‌ನ 15ನೇ ಹೋಲ್ ಥರ ಆಗುತ್ತೆ ಅಂತ. 1935ರಲ್ಲಿ ಜೀನ್ ಸಾರಜೆನ್ 235 ಯಾರ್ಡ್‌ನಿಂದ ನಾಲ್ಕನೇ ವುಡ್‌ನಲ್ಲಿ ಆಲ್ಬಟ್ರಾಸ್ (ಪಾರ್‌ಗಿಂತ ಮೂರು ಹೊಡೆತ ಕಡಿಮೆ) ಮಾಡಿದ ಹೋಲ್ ಅದು. ಒಬ್ಬ ಕಂಟ್ರಾಕ್ಟರ್ ಲೈನಿಂಗ್ ಸೇರಿ 22 ಲಕ್ಷ ಅಂದ. ನಾನು ಮೊದಲು ಹತ್ತು ಅಡಿ ಚೌಕದ ಗುಂಡಿ ತೋಡಿಸಿ ನೀರು ತುಂಬಿಸಿದೆ. ಜಂಬಿಟ್ಟಿಗೆ ಮಣ್ಣು. ಮೂರು ದಿನಕ್ಕೆ ಒಣಗಿತು.

ಇಲ್ಲಿ ಸ್ವಲ್ಪ ದಾರಿ ತಪ್ಪಿದೆ, ಆದರೆ ಕಲಿತದ್ದು ದೊಡ್ಡದು. ಹಿಂದಿನವರು ಕೆರೆ ಏರಿಗೆ ಹೇಗೆ ಮಣ್ಣು ತುಳಿಸುತ್ತಿದ್ದರೋ ಹಾಗೆ ಮಾಡಿ ನೋಡೋಣ ಅಂತ ಪಕ್ಕದೂರಿನ ಕೆರೆಯ ಗೋಡು ತರಿಸಿದೆ. ಅರ್ಧ ಅಡಿ ದಪ್ಪ ಹಾಕಿ, ನೀರು ಚಿಮುಕಿಸಿ, ನಾಲ್ಕು ಜನ ಎರಡು ದಿನ ತುಳಿದರು. ನೀರು ಹನ್ನೊಂದು ದಿನ ನಿಂತಿತು. ಇನ್ನೊಂದು ಪದರ ಹಾಕಿದ್ದರೆ ತಿಂಗಳು ನಿಲ್ಲುತ್ತಿತ್ತು ಅಂತ ಈಗಲೂ ನಂಬಿದ್ದೇನೆ. ಆದರೆ ಅಷ್ಟು ಗೋಡು ತರೋದು ಎಲ್ಲಿಂದ? ಕೊಳ ಕೈಬಿಟ್ಟೆ. ಆ ಗುಂಡಿ ಹತ್ತಿರ ಹನ್ನೊಂದು ದಿನ ಸಂಜೆ ಹೋಗಿ ಕೂರುತ್ತಿದ್ದೆನಲ್ಲ, ಆಗ ಕಿವಿಗೆ ಬಿದ್ದದ್ದು ಹಳ್ಳದ ಸದ್ದು. ನೀರು ಪಕ್ಕದಲ್ಲೇ ಹರಿಯುತ್ತಿದೆ, ನಾನು ನೀರು ಮಾಡೋಕೆ ಹೊರಟಿದ್ದೇನೆ!

ಮಚ್ಚು ಹಿಡಿದು ಲಂಟಾನದೊಳಗೆ ನುಗ್ಗಿದೆವು. ಹಳ್ಳ ಬಲಬದಿಯಲ್ಲಿ ಟೀಯಿಂದ ಸುಮಾರು 280 ಯಾರ್ಡ್ ದೂರದಲ್ಲಿ ಶುರುವಾಗಿ, 395ರ ಹತ್ತಿರ ತಿರುಗಿ, ಓರೆಯಾಗಿ ಎಡಕ್ಕೆ ಹೋಗಿ ಹಳೇ ಗ್ರೀನ್ ಹಿಂದೆ ಹಾಯುತ್ತಿತ್ತು. ಇಷ್ಟು ವರ್ಷ ಗ್ರೀನ್ ಹಳ್ಳದ ಈಚೆ ಇತ್ತು. ಆಚೆ ಇಟ್ಟರೆ?

ಬಲ್ಲವರಿಗೆ ಓರೆ ನೀರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಬಲಗಡೆ, ಹಳ್ಳಕ್ಕೆ ಅಂಟಿಕೊಂಡು ಡ್ರೈವ್ ಹಾಕಿದವನಿಗೆ ಇಳಿಜಾರಿನಲ್ಲಿ ಹತ್ತು ಹದಿನೈದು ಯಾರ್ಡ್ ಓಟ ಸಿಗುತ್ತೆ. ಅಲ್ಲಿಂದ 165-170 ದಾಟಿಸಿದರೆ ಸಾಕು, ಮುಂದೆ ಉರುಳಿಕೊಂಡು ಹೋಗಲು ಜಾಗ ಇದೆ, ಗ್ರೀನ್ ಕೂಡ ಉದ್ದಕ್ಕೆ ಸಿಗುತ್ತೆ. ಎಡಗಡೆ ಹುಷಾರಾಗಿ ಹಾಕಿದವನು 190ರ ಹತ್ತಿರ ಹಾರಿಸಬೇಕು, ಗ್ರೀನ್ ಅಡ್ಡಕ್ಕೆ ಸಿಗುತ್ತೆ, ಆಳ ಹದಿನಾಲ್ಕು ಹದಿನೈದು ಯಾರ್ಡ್ ಅಷ್ಟೇ. ಎರಡರಲ್ಲಿ ಹೋಗದೆ ಮೂರಕ್ಕೆ ಆಡುವವನಿಗೂ ಬಿಡುವಿಲ್ಲ. ಬಲಕ್ಕೆ ಲೇ ಅಪ್ ಮಾಡಿದರೆ, ಅಂದರೆ ನೀರಿನ ಈಚೆಯೇ ನಿಲ್ಲಿಸಿದರೆ, ಹಳ್ಳ ಬೇಗ ಬರುತ್ತೆ, ಪೂರ್ತಿ ವೆಡ್ಜ್ ಉಳಿಯುತ್ತೆ. ಎಡಕ್ಕೆ ಮಾಡಿದರೆ ಇನ್ನೂ ಮುಂದೆ ಹೋಗಬಹುದು, ಆದರೆ ನೀರಿನ ಮೇಲೆ ನಲವತ್ತು ಯಾರ್ಡ್ ಅರ್ಧ ಹೊಡೆತ ಉಳಿಯುತ್ತೆ. ಅದು ಯಾರಿಗೆ ಇಷ್ಟ?

ಕಮಿಟಿಗೆ ಹೇಳಿದಾಗ 2023ರ ಬೇಸಿಗೆ. ಆ ವರ್ಷವೇ ಆಗಸ್ಟಾದಲ್ಲಿ 13ನೇ ಹೋಲ್‌ನ ಟೀ 35 ಯಾರ್ಡ್ ಹಿಂದೆ ಹೋಗಿ 510 ಇದ್ದದ್ದು 545 ಆಗಿತ್ತು. ಎಲ್ಲರೂ ಟಿವಿಯಲ್ಲಿ ನೋಡಿದ್ದರು. "ಅವರೇ ಉದ್ದ ಮಾಡ್ತಿದ್ದಾರೆ, ನೀವು ಗಿಡ್ಡ ಮಾಡ್ತೀನಿ ಅಂತೀರಿ." ನಾನು ಹೇಳಿದ್ದು ಇಷ್ಟೇ: ಅಲ್ಲಿ ಹೊಡೆಯೋರು 300 ದಾಟಿಸ್ತಾರೆ. ಎರಡನೇ ಶಾಟ್‌ಗೆ ವುಡ್‌ಗಿಂತ ಸುಲಭದ ಮಿಡ್ ಐರನ್ ಕೋಲೇ ಸಾಕಾಗಿ, ಕ್ರೀಕ್ (ಅಲ್ಲಿನ ಹಳ್ಳ) ದಾಟಲೋ ಬೇಡವೋ ಅನ್ನುವ ತೊಳಲಾಟವೇ ಹೋಗಿತ್ತು. ಅದನ್ನು ವಾಪಸ್ ತರೋಕೆ ಹಿಂದೆ ಹಾಕಿದರು. ನಮ್ಮ ಸದಸ್ಯರು ಹೊಡೆಯೋದು 200, 210. ಅದೇ ತೊಳಲಾಟ ಇಲ್ಲಿ ಬರಬೇಕು ಅಂದ್ರೆ ಮುಂದಕ್ಕೇ ತರಬೇಕು ಸಾರ್. ಯಾರೂ ಪೂರ್ತಿ ಒಪ್ಪಲಿಲ್ಲ. ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್‌ನ 14ನೇ ಹೋಲ್ ಬಗ್ಗೆ ಹೇಳಿದೆ. ಬೇರೆ ಬಂಕರ್‌ಗಳೂ ಇವೆ, ಆದರೆ ಎರಡನೇ ಶಾಟ್ ಹೊತ್ತಿಗೆ ಎಲ್ಲರ ತಲೆಯಲ್ಲೂ ಹೆಲ್ ಅನ್ನುವ ದೊಡ್ಡ ಬಂಕರ್ ಒಂದೇ. ಎಡಕ್ಕೆ ಐದನೇ ಹೋಲ್‌ನ ಫೇರ್‌ವೇಗೆ ಹಾಕಿ ತಪ್ಪಿಸಿಕೊಳ್ಳುವವರೂ ಇದ್ದಾರೆ. 1995ರ ಓಪನ್ ಪಂದ್ಯಾವಳಿಯಲ್ಲಿ ಮಹಾನ್ ಆಟಗಾರ ಜ್ಯಾಕ್ ನಿಕ್ಲಾಸ್ ಆ ಹೋಲ್‌ನಲ್ಲಿ 10 ಬರೆದರು, ಬಂಕರ್‌ನಿಂದ ಹೊರಬರಲು ನಾಲ್ಕು ಹೊಡೆತ. ನಿಕ್ಲಾಸ್ ಹೆಸರು ಕೇಳಿ ಸ್ವಲ್ಪ ಮೆತ್ತಗಾದರು. ಆದರೂ ದುಡ್ಡು ಕೊಡಲಿಲ್ಲ.

ಆಗ ಮಾಡಿದ ಕೆಲಸವನ್ನು ಎಲ್ಲರೂ ಮಾಡಿ ಅಂತ ಹೇಳ್ತೇನೆ. ಖರ್ಚು ಮಾಡೋ ಮೊದಲು ಆಡಿಸಿ ನೋಡಿ. ಹಳ್ಳದಾಚೆ ಇದ್ದ ಗರಿಕೆಯನ್ನೇ ಕತ್ತರಿಸಿ, ರೋಲರ್ ಎಳೆದು, ಬಾವುಟ ನೆಟ್ಟು, ಸುತ್ತ ಸುಣ್ಣ ಹಾಕಿದೆ. ನವೆಂಬರ್‌ನಿಂದ ಜನವರಿವರೆಗೆ ಎಂಟು ಶನಿವಾರ. ಮೊದಲ ಸುತ್ತಿನಲ್ಲಿ ಹಳೇ ಗ್ರೀನ್, ಎರಡನೇ ಸುತ್ತಿನಲ್ಲಿ ಬಾವುಟ. ಕ್ಯಾಡಿಗಳ ಕೈಗೆ ಒಂದೊಂದು ಚೀಟಿ: ಎರಡನೇ ಶಾಟ್‌ಗೆ ಯಾವ ಕ್ಲಬ್, ತೆಗೆದ ಕ್ಲಬ್ ವಾಪಸ್ ಇಟ್ಟು ಬೇರೆ ತೆಗೆದರಾ, ಎಷ್ಟಕ್ಕೆ ಮುಗಿಸಿದರು. ಪುಟ್ಟಿಂಗ್‌ಗೆ (ಚೆಂಡನ್ನು ಕುಳಿಗೆ ಉರುಳಿಸೋಕೆ) ನೆಲ ಲಾಯಕ್ಕಿರಲಿಲ್ಲ, ಬಾವುಟದ ಹತ್ತಿರ ಬಂದರೆ ಎರಡು ಪುಟ್ ಅಂತ ಬರೆಸಿದೆ. ಸುಮಾರು ಇನ್ನೂರು ಚೀಟಿ ಆಯಿತು. ಹಳೇ ಗ್ರೀನ್‌ಗೆ ಕ್ಲಬ್ ವಾಪಸ್ ಇಟ್ಟವರು ಬೆರಳೆಣಿಕೆ. ಹೊಸದಕ್ಕೆ ಮೂರರಲ್ಲಿ ಒಬ್ಬರು. ಇದನ್ನೇ ಕಮಿಟಿ ಮೇಜಿನ ಮೇಲೆ ಹರಡಿದೆ. ದುಡ್ಡು ಬಂತು.

ಫೆಬ್ರುವರಿಯಲ್ಲಿ ಕೆಲಸ ಶುರು. ಜೆಸಿಬಿ ಗಂಟೆಗೆ 1,200 ಇತ್ತು, ನೂರು ಗಂಟೆ ಚಿಲ್ಲರೆ ಓಡಿತು. ಗ್ರೀನ್ ಪುಶ್ ಅಪ್ ಥರ, ಅಂದರೆ ಅಲ್ಲಿನ ಮಣ್ಣನ್ನೇ ಎತ್ತರಿಸಿ ಕಟ್ಟಿದೆ, ಕೆಳಗೆ ಜಲ್ಲಿ ಡ್ರೈನು, ಮೇಲೆ ತೊಳೆದ ಎಂ ಸ್ಯಾಂಡ್ ಮಿಶ್ರಣ. ಮಿಶ್ರಣದ ಅಳತೆ ಕೇಳಬೇಡಿ, ಮೂರು ವರ್ಷ ಕುಂಡದಲ್ಲಿ ಬೆಳೆಸಿ ನೋಡಿ ಕಂಡುಕೊಂಡದ್ದು. ಹೂಮಳೆ ಬಿದ್ದ ಮೇಲೆ ಮಾರ್ಚ್ ಕೊನೆಗೆ ಹುಲ್ಲು ನೆಟ್ಟೆವು, ಅಕ್ಟೋಬರ್‌ನಲ್ಲಿ ತೆರೆದೆವು. ಲಂಟಾನ ಕೀಳಿಸಿ, ಹಳ್ಳ ಟೀ ಮೇಲಿಂದಲೇ ಕಾಣುವ ಹಾಗೆ ಮಾಡಿದ್ದು ಸೇರಿ ಒಟ್ಟು ಒಂಬತ್ತು ಲಕ್ಷದ ಆಸುಪಾಸು. ಫೇರ್‌ವೇ ಎಡಕ್ಕೆ ಹತ್ತು ಯಾರ್ಡ್ ಅಗಲ ಮಾಡಿದೆ. ಇದಕ್ಕೂ ಕೇಳಿದರು, ಸುಲಭ ಆಗಲ್ವಾ ಅಂತ. ಜಾಗ ಇದ್ದರೆ ತಾನೇ ಎಡಕ್ಕಾ ಬಲಕ್ಕಾ ಅನ್ನುವ ಯೋಚನೆ ಬರೋದು? ಹಳ್ಳದ ನೀರು ಕೆಳಗಿನ ಗದ್ದೆಗಳಿಗೆ ಹೋಗುತ್ತೆ, ಅದಕ್ಕೆ ಒಂದು ಕಲ್ಲೂ ಅಡ್ಡ ಇಟ್ಟಿಲ್ಲ. ದಾಟಲು ಸಿಲ್ವರ್ ಓಕ್ ದಿಮ್ಮಿಯ ಎರಡು ಸಂಕ. ಆ ತಿರುವಿನಲ್ಲಿ ಹಳ್ಳದ ಅಗಲ ನಾಲ್ಕು ಯಾರ್ಡ್ ಇರಬಹುದು, ಮುಂದಿನ ಟೀಯಿಂದ ಆಡುವ ಹಿರಿಯರೂ ಹೆಂಗಸರೂ ಆರಾಮಾಗಿ ದಾಟಿಸ್ತಾರೆ.

ದಡದ ಹುಲ್ಲಿಗೆ ಮೂರು ಥರ ಹಾಕಿ ನೋಡಿದೆ. ಹೈಬ್ರಿಡ್ ಬರ್ಮುಡಾ ಮಳೆಗಾಲದ ಮಬ್ಬಿನಲ್ಲಿ ತೆಳ್ಳಗಾಯಿತು. ಕಾರ್ಪೆಟ್ ಹುಲ್ಲು ದಪ್ಪ ಎಲೆ, ಚೆಂಡು ಅಲ್ಲೇ ಕೂತಿತು. ಗೆದ್ದದ್ದು ನಮ್ಮ ಊರ ಗರಿಕೆ, ಪೂಜೆಗೆ ಕೀಳ್ತೀವಲ್ಲ ಅದೇ. ಒಣ ದಿನಗಳಲ್ಲಿ ಹನ್ನೆರಡು ಮಿಲಿಮೀಟರ್‌ಗೆ ಕತ್ತರಿಸಿದರೆ ಒಂದು ಅಡಿ ಗಿಡ್ಡ ಬಿದ್ದ ಚೆಂಡೂ ನಿಧಾನಕ್ಕೆ ಹಿಂದೆ ತಿರುಗಿ ನೀರಿಗೆ ಇಳಿಯುತ್ತೆ. ಗ್ರೀನ್‌ನ ಬಲ ಹಿಂಬದಿಯಲ್ಲಿ ಒಂದು ಸಣ್ಣ ಏರು ಇದೆ. ಜಾಸ್ತಿ ಉದ್ದ ಹೊಡೆದವನ ಚೆಂಡನ್ನು ಅದು ಒಂದು ದಿನ ಒಳಗೆ ತರುತ್ತೆ, ಇನ್ನೊಂದು ದಿನ ತರಲ್ಲ. ಅದರ ಲೆಕ್ಕ ಇಲ್ಲಿ ಬರೆಯಲ್ಲ. ಬಂದು ನೋಡಿದವರಿಗೆ ತೋರಿಸ್ತೇನೆ.

ಫಲ ಏನಾಯಿತು ಅಂದರೆ, ಸರಾಸರಿ ಸ್ಕೋರ್ ಹೆಚ್ಚುಕಮ್ಮಿ ಅಲ್ಲೇ ಇದೆ. ಮೊದಲು 5.6 ಇದ್ದದ್ದು ಈಗ 5.7 ಇರಬಹುದು. ಆದರೆ ಮೊದಲು ಕಾರ್ಡ್ ತೆಗೆದರೆ ಬರೀ 5, 6. ಹೋದ ತಿಂಗಳ ಮೆಡಲ್ ಸ್ಪರ್ಧೆಯ ದಿನ ಒಂದೇ ಹೋಲ್‌ನಲ್ಲಿ 3ರಿಂದ 9ರವರೆಗೆ ಬಂತು. 9 ಬರೆದವರು ಸಂಜೆ ಬಾರ್‌ನಲ್ಲಿ ಆ ಎರಡನೇ ಶಾಟನ್ನು ನಾಲ್ಕು ಸಲ ಹೇಳಿದರು, ಯಾರೂ ಎದ್ದು ಹೋಗಲಿಲ್ಲ.

ನನಗೆ ಸ್ಕೋರ್‌ಗಿಂತ ನಂಬಿಕೆ ಇರೋದು ಡಿವಟ್ (ಹೊಡೆತಕ್ಕೆ ಹುಲ್ಲು ಕಿತ್ತು ಆಗುವ ಗಾಯ) ಮೇಲೆ. ಸೋಮವಾರ ಕೋರ್ಸ್ ರಜಾ. ಕ್ಯಾಡಿಗಳ ಜೊತೆ ನಾನೂ ಮರಳಿನ ಬಕೆಟ್ ಹಿಡಿದು ಹೋಗ್ತೇನೆ. ಮೊದಲು 395ರ ಹತ್ತಿರ ಕಾಲು ಗುಂಟೆ ಜಾಗದಲ್ಲೇ ಎಲ್ಲಾ ಗಾಯ, ಹುಲ್ಲು ಏಳೋಕೆ ಪುರುಸೊತ್ತೇ ಇರಲಿಲ್ಲ. ಈ ಸೋಮವಾರ ಎಡ ಅಂಚಿನಲ್ಲಿ ಹದಿನೈದಿಪ್ಪತ್ತು, ಬಲಕ್ಕೆ ಹಳ್ಳದ ಪಕ್ಕ ಅಷ್ಟೇ, ಹಿಂದೆ 240ರ ಹತ್ತಿರ ಉದ್ದನೆಯ ತೆಳು ಗೀರುಗಳು, ವುಡ್ ಹೊಡೆದವು. ಎರಡು ಬಕೆಟ್ ಸಾಲದೆ ಮೂರನೇದು ತರಲು ಹಿರಿಯ ಕ್ಯಾಡಿ ಶೆಡ್‌ಗೆ ಹೋದ.