ಕಾರವಾರ, ಶಿರಸಿಯಲ್ಲಿ ಥಾಲೇಟ್ ಅಳೆದ ಬಗೆ

ಕಾರವಾರದ ಮೀನು ಮಾರುವ ಮಹಿಳೆಯರ ಮತ್ತು ಶಿರಸಿ ಸುತ್ತಲಿನ ಅಡಿಕೆ ತೋಟದ ಮನೆಗಳ ಮಹಿಳೆಯರ ಮೈಗೆ, ಪ್ಲಾಸ್ಟಿಕ್ ಮೆದುಗೊಳಿಸಲು ಮತ್ತು ಸುಗಂಧ ವಸ್ತುಗಳಲ್ಲಿ ಬಳಸುವ ಥಾಲೇಟ್ ಎಂಬ ರಾಸಾಯನಿಕಗಳು ಎಷ್ಟು ಸೇರುತ್ತಿವೆ ಎಂಬುದನ್ನು ಮೂತ್ರ ಪರೀಕ್ಷೆಯಿಂದ ತಿಳಿಯುವ ಕೆಲಸವನ್ನು ಸಂಶೋಧನೆಗಾಗಿ ಕೈಗೆತ್ತಿಕೊಂಡಾಗ, ಒಬ್ಬೊಬ್ಬರಿಂದ ಒಂದೊಂದು ಮಾದರಿ ಸಾಕೆಂದೇ ನಾನು ಲೆಕ್ಕ ಹಾಕಿದ್ದೆ. ಖರ್ಚಿನ ದೃಷ್ಟಿಯಿಂದ ಅದು ಸರಿಯಾಗಿಯೇ ಕಾಣುತ್ತಿತ್ತು. ಆದರೆ ಥಾಲೇಟ್ ದೇಹದಲ್ಲಿ ನಿಲ್ಲುವ ವಸ್ತುವಲ್ಲ. ಪಿವಿಸಿಯನ್ನು ಮೆದುಗೊಳಿಸಲು ಬಳಸುವ ಡಿಇಎಚ್‌ಪಿ ಎಂಬ ಥಾಲೇಟ್ ದೇಹದೊಳಗೆ ಒಡೆದು ಹುಟ್ಟುವ ಎಂಇಎಚ್‌ಪಿಯ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಪಾಲು ದೇಹದಿಂದ ಹೊರಹೋಗಲು ಬೇಕಾದ ವೇಳೆ, ಸುಮಾರು 5 ಗಂಟೆ; ಅದರ ಮುಂದಿನ ರೂಪಗಳಲ್ಲೊಂದಾದ ಎಂಇಸಿಪಿಪಿ ನಿಧಾನದ್ದಾದರೂ ಅದರದ್ದು 12ರಿಂದ 15 ಗಂಟೆ ಮಾತ್ರ. ಹೀಗಾಗಿ ಒಂದು ಕಪ್ ಮೂತ್ರ ನಿನ್ನೆಯ ಊಟ, ನಿನ್ನೆಯ ಪೌಡರುಗಳ ಬಗ್ಗೆ ಹೇಳುತ್ತದೆಯೇ ಹೊರತು ಆ ಮಹಿಳೆಯ ವರ್ಷದ ಬದುಕಿನ ಬಗ್ಗೆ ಅಲ್ಲ.

ಇದನ್ನು ತಿಳಿದ ಮೇಲೆ ಯೋಜನೆಯನ್ನೇ ಬದಲಿಸಿದೆ. ಹೆಚ್ಚು ಜನರ ಬದಲು ಕಡಿಮೆ ಜನರನ್ನು ಆರಿಸಿ, ಒಬ್ಬೊಬ್ಬರಿಂದಲೂ ವಾರಗಳ ಅಂತರದಲ್ಲಿ ಮೂರು ಬಾರಿ ಬೆಳಗಿನ ಮೊದಲ ಮೂತ್ರವನ್ನು ಕೇಳಿದೆ. ಮೊದಲ ದಿನವೇ ಮೀನು ಮಾರುವ ಹಿರಿಯರೊಬ್ಬರು ನನ್ನ ನಮೂನೆಯನ್ನು ತಲೆಕೆಳಗು ಮಾಡಿದರು. "ಅಕ್ಕೋರೆ, ಬೆಳಗಿನ ಮೊದಲ್ನೇದು ಅಂದ್ರೆ ಯಾವ್ದು? ನಾ ಏಳುದೇ ಮೂರೂವರೆಗೆ. ಬಂದ್ರದಿಂದ ಬಂದು ಮತ್ತೊಂದು ಗಳಿಗೆ ಮಲಗ್ತೆ" ಎಂದರು. ಶಿರಸಿಯ ಮನೆಗಳಲ್ಲಿ ಈ ಪ್ರಶ್ನೆ ಯಾರಿಗೂ ಬಂದಿರಲಿಲ್ಲ. ಅಂದಿನಿಂದ ಮಾದರಿಯ ವೇಳೆಯ ಜೊತೆಗೆ ಅದಕ್ಕೂ ಹಿಂದೆ ಮೂತ್ರಕ್ಕೆ ಹೋದ ವೇಳೆಯನ್ನೂ, ಹಿಂದಿನ ಸಂಜೆಯಿಂದ ತಿಂದದ್ದು ಮತ್ತು ಮೈಗೆ, ಕೂದಲಿಗೆ ಹಚ್ಚಿದ್ದನ್ನೂ ಬರೆದುಕೊಳ್ಳತೊಡಗಿದೆ. ಬರೆಯಲು ಬಾರದವರ ಪರವಾಗಿ ಆಶಾ ಕಾರ್ಯಕರ್ತೆಯರು ಬರೆದರು. ನಾನು ಬರೆದದ್ದಕ್ಕಿಂತ ಅವರು ಬರೆದದ್ದೇ ಚೊಕ್ಕವಾಗಿತ್ತು.

ಪ್ಲಾಸ್ಟಿಕ್ ಎಂದರೆಲ್ಲ ಥಾಲೇಟ್ ಎಂಬ ತಪ್ಪು ಕಲ್ಪನೆ ನನ್ನ ಮೊದಲ ಪ್ರಶ್ನಾವಳಿಯಲ್ಲೇ ಇತ್ತು. ಮೀನು ಕಟ್ಟಿಕೊಡುವ ತೆಳು ಪಾಲಿಥಿನ್ ಚೀಲಕ್ಕೆ ಸಾಮಾನ್ಯವಾಗಿ ಥಾಲೇಟ್ ಬೇಕಾಗುವುದಿಲ್ಲ. ಮೆದು ಪಿವಿಸಿಯ ರೇನ್‌ಕೋಟು, ಚಪ್ಪಲಿ, ನಳಿಕೆಗಳಲ್ಲಿ ಅದು ಇರಬಹುದು. ಸುಗಂಧ ವಸ್ತುಗಳಲ್ಲಿ ಬಳಕೆಯಾಗುವುದು ಬೇರೆಯದೇ ಥಾಲೇಟ್ ಆದ ಡಿಇಪಿ. ಅದು ಮೂತ್ರದಲ್ಲಿ ಎಂಇಪಿಯಾಗಿ ಕಾಣಿಸಿಕೊಳ್ಳುತ್ತದೆ. ಶಿರಸಿ ಕಡೆಯ ಒಬ್ಬರ ಮೂರು ಮಾದರಿಗಳಲ್ಲಿ ಎರಡನೆಯದರಲ್ಲಿ ಮಾತ್ರ ಎಂಇಪಿ ಎದ್ದು ಕಂಡಿತು. ದಿನಚರಿ ತೆರೆದು ನೋಡಿದರೆ ಹಿಂದಿನ ದಿನ ಅವರು ನೆಂಟರ ಮನೆಯ ಮದುವೆಗೆ ಹೋಗಿದ್ದರು. ಸೆಂಟಿನಿಂದಲೇ ಅದು ಏರಿತೆಂದು ಹೇಳಲು ಒಂದು ಉದಾಹರಣೆ ಸಾಲದು. ಆದರೆ ಆ ಒಂದೇ ಮಾದರಿ ನನ್ನ ಕೈಯಲ್ಲಿದ್ದಿದ್ದರೆ ಅವರನ್ನು 'ಹೆಚ್ಚು' ಎಂಬ ಪಟ್ಟಿಗೆ ಸೇರಿಸಿಬಿಡುತ್ತಿದ್ದೆ.

ಸಂಗ್ರಹದಲ್ಲಿ ನನ್ನದೂ ಒಂದು ಎಡವಟ್ಟಾಯಿತು. ಅಗ್ಗಕ್ಕೆ ಸಿಕ್ಕವೆಂದು ಒಂದು ಪೆಟ್ಟಿಗೆ ವಿನೈಲ್ ಕೈಗವಸು ಕೊಂಡಿದ್ದೆ. ವಿನೈಲ್ ಎಂದರೆ ಪಿವಿಸಿ. ಅಳೆಯಬೇಕಾದ ವಸ್ತುವನ್ನು ಕೈಗೆ ಹಾಕಿಕೊಂಡೇ ಹೊರಟಿದ್ದೆ. ನೈಟ್ರೈಲ್ ಗವಸು ತಂದು, ಪಾಲಿಪ್ರೊಪಿಲೀನ್ ಕಪ್‌ಗಳನ್ನೇ ಬಳಸಿ, ಹೊರಗಿನಿಂದ ಏನಾದರೂ ಸೇರಿದರೆ ಗೊತ್ತಾಗಲೆಂದು ಪ್ರತಿ ಸುತ್ತಿನಲ್ಲೂ ಒಂದು ಕಪ್ಪಿಗೆ ಶುದ್ಧ ನೀರು ಸುರಿದು ಉಳಿದವುಗಳ ಜೊತೆಗೇ ಕಳಿಸಿದೆ. ಎಂಇಎಚ್‌ಪಿ ಹೊರಗಿನ ಕಲಬೆರಕೆಯಿಂದಲೂ ಬರಬಹುದು. ಅದರ ಆಕ್ಸಿಡೀಕೃತ ರೂಪಗಳಾದ ಎಂಇಎಚ್‌ಎಚ್‌ಪಿ, ಎಂಇಒಎಚ್‌ಪಿಗಳು ದೇಹದೊಳಗೇ ಹುಟ್ಟಬೇಕಾದ್ದರಿಂದ ನನ್ನ ನಂಬಿಕೆ ಅವುಗಳ ಮೇಲೆಯೇ ಹೆಚ್ಚು.

ಶಿರಸಿಯ ಮಾದರಿಗಳು ಐಸ್ ಪೆಟ್ಟಿಗೆಯಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟೆಯ ಮೇಲೆ ಹಾದು ಕಾರವಾರ ಸೇರುತ್ತಿದ್ದವು. ಮಳೆಗಾಲದಲ್ಲಿ ರಸ್ತೆಗಿಂತ ಕರೆಂಟಿನದೇ ಚಿಂತೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಮಾದರಿ ಯಾವುದೆಂದು ತಿಳಿಯದೇ ಹೋಗಬಾರದೆಂದು ಫ್ರೀಜರಿನ ಉಷ್ಣತೆಯನ್ನು ದಿನಕ್ಕೆರಡು ಬಾರಿ ಬರೆದಿಟ್ಟೆ.

ಇನ್ನು ಮೂತ್ರದ ಗಟ್ಟಿತನದ ವಿಚಾರ. ಏಪ್ರಿಲ್ ಸೆಖೆಯಲ್ಲಿ ಬಯಲಲ್ಲಿ ಕೂತು ಮೀನು ಮಾರುವವರು ಬೆವರುವುದು ಹೆಚ್ಚು, ನೀರು ಕುಡಿಯುವುದು ಕಡಿಮೆ. ಕುಡಿದರೆ ಹೋಗುವುದೆಲ್ಲಿಗೆ ಎಂಬುದೇ ಅವರ ಸಮಸ್ಯೆ. ಅವರ ಮೂತ್ರದಲ್ಲಿ ಪ್ರತಿ ಲೀಟರಿಗೆ ಎಲ್ಲವೂ ಹೆಚ್ಚಾಗಿಯೇ ಕಾಣುತ್ತದೆ. ಸ್ನಾಯುಗಳಿಂದ ಹುಟ್ಟಿ ಮೂತ್ರದಲ್ಲಿ ಹೋಗುವ ಕ್ರಿಯಾಟಿನಿನ್ ಅಳೆದು ಇದನ್ನು ಸರಿಪಡಿಸಬಹುದಿತ್ತು, ಆದರೆ ಅದು ಸ್ನಾಯು, ವಯಸ್ಸು, ಮೀನು-ಮಾಂಸದ ಊಟಗಳಿಗೆ ತಕ್ಕಂತೆ ಬದಲಾಗುತ್ತದೆ. ನನ್ನ ಎರಡು ಗುಂಪುಗಳು ಊಟದಲ್ಲೇ ಬೇರೆ. ಆದ್ದರಿಂದ ರಿಫ್ರಾಕ್ಟೋಮೀಟರ್ ಎಂಬ ಉಪಕರಣದಿಂದ ಸಾಪೇಕ್ಷ ಸಾಂದ್ರತೆಯನ್ನು, ಅಂದರೆ ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಗಟ್ಟಿ ಎಂಬುದನ್ನು, ಅಳೆದೆ. ಗುಂಪಿನ ಮಧ್ಯಾಂಕ 1.015 ಇದ್ದು ಒಂದು ಮಾದರಿಯದು 1.030 ಬಂದರೆ, ಎರಡರಿಂದಲೂ 1 ಕಳೆದು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದರಿಂದ ಆ ಮಾದರಿಯ ಥಾಲೇಟ್ ಅಳತೆಯನ್ನು ಗುಣಿಸಬೇಕು. ಆಗ 60 ಎಂದು ಕಂಡದ್ದು 30 ಆಗುತ್ತದೆ. ಪ್ರತಿ ದಿನ ಉಪಕರಣವನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ತರುವುದನ್ನು ಮರೆತರೆ ಈ ಲೆಕ್ಕವೆಲ್ಲ ವ್ಯರ್ಥ.

ಮೂರು ಸುತ್ತು ಮುಗಿದ ಮೇಲೆ ಒಟ್ಟು ಏರಿಳಿತದಲ್ಲಿ ಮಹಿಳೆ-ಮಹಿಳೆಯರ ನಡುವಿನ ಪಾಲು ಎಷ್ಟು ಎಂಬುದನ್ನು ಲೆಕ್ಕ ಹಾಕಿದೆ. ಸಂಖ್ಯಾಶಾಸ್ತ್ರದವರು ಅದನ್ನು ಐಸಿಸಿ ಎನ್ನುತ್ತಾರೆ. ಅದು 0.3 ಇದ್ದರೆ ಒಂದು ಮಾದರಿಯ ವಿಶ್ವಾಸಾರ್ಹತೆಯೂ 0.3 ಮಾತ್ರ, ಮೂರರ ಸರಾಸರಿಯದು ಸುಮಾರು 0.56. ಒಬ್ಬರದೇ ಮೂರು ಮಾದರಿಗಳನ್ನು ಸಮಪ್ರಮಾಣದಲ್ಲಿ ಬೆರೆಸಿ ಒಂದೇ ಪರೀಕ್ಷೆ ಮಾಡಿಸಿದರೆ ಈ ಸರಾಸರಿ ಅಗ್ಗಕ್ಕೇ ಸಿಗುತ್ತದೆ, ಆದರೆ ಆ ಮದುವೆಯ ದಿನ ಅದರಲ್ಲಿ ಕರಗಿಹೋಗುತ್ತದೆ. ಅದಕ್ಕೇ ಮೊದಲ ವರ್ಷ ಎಲ್ಲವನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಿ, ಬೆರೆಸುವುದನ್ನು ಮುಂದಿನ ಸುತ್ತಿಗೆ ಇಟ್ಟುಕೊಂಡಿದ್ದೇನೆ.